ಏಳು ಪೆಟ್ಟಿನ ಹಾಡು

ನನ್ನ ಮೆಚ್ಚಿನ ರಾಕ್ ಬ್ಯಾಂಡು ಮಸ್ಕತ್‌ಗೆ ಬರುತ್ತದೆಂಬ ಸುದ್ದಿಯನ್ನು ನಾನು ಆಫೀಸಿನಲ್ಲಿ, ಹಡಗಿನ ಸರಕಿನ ಬಿಲ್ಲುಗಳ ಮುಂದೆ ಕೂತು ಓದಿದೆ. ಓದಿ ಎದ್ದು ನಿಂತೆ. ಯಾಕೆ ಎದ್ದೆನೆಂದು ನನಗೇ ತಿಳಿಯಲಿಲ್ಲ. ಪಕ್ಕದ ಮೇಜಿನವಳು ಏನಾಯಿತೆಂದು ಕೇಳಿದಳು. ನೀರು ಬೇಕಿತ್ತು ಎಂದೆ.

ಸಂಜೆ ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಲ್ಲಿ ಗಂಡನಿಗೆ ಹೇಳಿದೆ. ಅವರು ಟೀವಿಯಿಂದ ಕಣ್ಣು ತೆಗೆಯದೆ, “ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ನಿನಗೆ ರಾಕಾ?” ಎಂದರು. ಮಗಳು ಒಳಗಿನಿಂದಲೇ, “ಅಮ್ಮಾ, ಪ್ಲೀಸ್, ಡೋಂಟ್ ಡ್ಯಾನ್ಸ್ ದೇರ್,” ಎಂದಳು. ಆಗ ನನಗೆ ಐವತ್ತು ದಾಟಿತ್ತು. ಮೊಣಕಾಲು ಆಗಾಗ ಮುನಿಸಿಕೊಳ್ಳುತ್ತಿತ್ತು. ಆದರೂ ಹೋಗುವುದೆಂದು ನಿಶ್ಚಯಿಸಿಯಾಗಿತ್ತು.

ಈ ಬ್ಯಾಂಡು ನನಗೆ ಸಿಕ್ಕಿದ್ದು ಮದುವೆಯಾಗಿ ಹೊಸದಾಗಿ ಇಲ್ಲಿಗೆ ಬಂದಾಗ. ಆಗ ನಾವು ಹಮ್ರಿಯಾದಲ್ಲಿದ್ದೆವು. ಮನೆಯ ಕೆಳಗೆ ಉಪ್ಪಿನಂಗಡಿ ಕಡೆಯ ಬ್ಯಾರಿಯೊಬ್ಬರ ಕ್ಯಾಸೆಟ್ ಅಂಗಡಿ ಇತ್ತು. ಭಾವಗೀತೆಯ ಕ್ಯಾಸೆಟ್ ಕೇಳಲು ಹೋದರೆ ಅವರು ಅದರ ಜೊತೆಗೆ ಇನ್ನೊಂದನ್ನೂ ಚೀಲಕ್ಕೆ ಹಾಕಿದರು. “ಇದೊಂದು ಕೇಳಿ ನೋಡಿ ಅಕ್ಕ. ನಾನು ದಿನಾ ಕೇಳ್ತೇನೆ, ಅರ್ಥ ಒಂದೂ ಆಗುದಿಲ್ಲ. ಬೇಡಾಂತಾದ್ರೆ ವಾಪಸ್ ತನ್ನಿ.” ಅದು ಯುರೋಪಿನ ಯಾವುದೋ ಚಳಿದೇಶದ ನಾಲ್ವರ ಬ್ಯಾಂಡು. ನಾನು ವಾಪಸ್ ಕೊಡಲಿಲ್ಲ.

ಮೊದಲು ನನ್ನನ್ನು ಹಿಡಿದದ್ದು ಎರಡನೆಯ ಬದಿಯ ಕೊನೆಯ ಹಾಡು. ಬೀನ್ಸ್ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟೆ. ಬೆರಳುಗಳು ತಮ್ಮಷ್ಟಕ್ಕೆ ಹಲಗೆಯ ಮೇಲೆ ತಾಳ ಹಾಕುತ್ತಿದ್ದವು. ಏಳರ ತಾಳ! ಮಿಕ್ಕ ರಾಕ್ ಹಾಡುಗಳೆಲ್ಲ ನಾಲ್ಕು ನಾಲ್ಕಾಗಿ ಹೆಜ್ಜೆ ಹಾಕಿದರೆ ಇದು ಮೂರು ಹೆಜ್ಜೆ, ಮತ್ತೆ ನಾಲ್ಕು ಹೆಜ್ಜೆ, ಕುಂಟುತ್ತ ಓಡುವ ಕುದುರೆಯ ಹಾಗೆ. ನನ್ನ ಸೋದರಮಾವ ಯಕ್ಷಗಾನ ಮೇಳದಲ್ಲಿ ಮದ್ದಲೆ ಬಾರಿಸುತ್ತಿದ್ದವರು. ಆಟವಿಲ್ಲದ ತಿಂಗಳುಗಳಲ್ಲಿ ಮನೆಯಲ್ಲಿದ್ದಾಗ ನನ್ನನ್ನು ಎದುರಿಗೆ ಕೂರಿಸಿ ತಾಳ ಹೇಳಿಕೊಡುತ್ತಿದ್ದರು. ಮದ್ದಲೆ ಮುಟ್ಟಲು ಕೈ ಚಾಚಿದರೆ, “ಮೊದಲು ಬಾಯಲ್ಲಿ ಬರಲಿ, ಕೈಗೆ ಆಮೇಲೆ,” ಎನ್ನುತ್ತಿದ್ದರು. ತಕಿಟ ತಕದಿಮಿ, ತಕಿಟ ತಕದಿಮಿ ಎಂದು ನಾನು ಬಾವಿಕಟ್ಟೆಯಿಂದ ಅಡುಗೆಮನೆಯವರೆಗೂ ಹೇಳಿಕೊಂಡು ತಿರುಗುತ್ತಿದ್ದೆ.

ಇಷ್ಟು ವರ್ಷಗಳಲ್ಲಿ ಆ ಹಾಡನ್ನು ವೇದಿಕೆಯ ಮೇಲೆ ಕೇಳಿದವರು ಬಹಳ ಕಡಿಮೆ. ಬ್ಯಾಂಡಿನವರು ಅದನ್ನು ಹಾಡುವುದನ್ನೇ ಬಿಟ್ಟಿದ್ದರು. ಶುರುವಾದ ಕೂಡಲೇ ಜನ ಖುಷಿಯಿಂದ ಚಪ್ಪಾಳೆ ಹೊಡೆಯುತ್ತಾರೆ, ಆದರೆ ನಾಲ್ಕರ ಲೆಕ್ಕದಲ್ಲಿ. ಸಾವಿರ ಕೈಗಳು ಒಂದು ದಾರಿ, ಡ್ರಮ್ಮು ಇನ್ನೊಂದು ದಾರಿ. ತಲೆಕೆಟ್ಟು ಕೈಬಿಟ್ಟೆ ಎಂದು ಡ್ರಮ್ಮರ್ ಯಾವುದೋ ಸಂದರ್ಶನದಲ್ಲಿ ಹೇಳಿದ್ದ.

ಅಭಿಮಾನಿಗಳ ಆನ್‌ಲೈನ್ ಗುಂಪೊಂದಿದೆ. ನಾನು ಅದರಲ್ಲಿ ಬರೆಯುವುದು ಕಡಿಮೆ, ಓದುವುದು ಹೆಚ್ಚು. ಮಸ್ಕತ್ ಕಾರ್ಯಕ್ರಮ ಗೊತ್ತಾಗಿದ್ದೇ ಗುಂಪಿನಲ್ಲಿ ಗಲಾಟೆ ಎದ್ದಿತು. ಯಾರ್ಯಾರೋ ವಿಮಾನ ಹಿಡಿದು ಬರುವವರಿದ್ದರು. ಇಲ್ಲಿಯವರೆಂದರೆ ಮೂವರು ಮುಖ್ಯ: ನಾನು, ಸೀಬ್‌ನ ಕ್ಲಿನಿಕ್ಕೊಂದರಲ್ಲಿ ನರ್ಸಾಗಿರುವ ಫಿಲಿಪೀನ್ಸಿನವಳು, ಮತ್ತು ಶಾಲೆಯಲ್ಲಿ ಭೂಗೋಳ ಕಲಿಸುವ ಒಬ್ಬ ಒಮಾನಿ. ಹೊರಗಿನಿಂದ ಬಂದವರಲ್ಲಿ ನನಗೆ ಹತ್ತಿರವಾದದ್ದು ಪೋಲೆಂಡಿನ ಹೆಂಗಸು. ನನಗಿಂತ ಹಿರಿಯಳು, ನನಗಿಂತ ಒಂದೂವರೆ ಪಟ್ಟು ಎತ್ತರ. ಟ್ರಾಮ್ ಓಡಿಸಿ ನಿವೃತ್ತಳಾದವಳು.

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಅಜೈಬಾದ ಸಮುದ್ರದಂಡೆಯಲ್ಲಿ ಎಲ್ಲರೂ ಸೇರಿದೆವು. ಜನವರಿಯ ಹಿತವಾದ ಬಿಸಿಲು. ಇಪ್ಪತ್ತು ಮೂವತ್ತು ಜನ, ಎಲ್ಲರ ಎದೆಯ ಮೇಲೂ ಒಂದೇ ಬ್ಯಾಂಡಿನ ಟೀ ಶರ್ಟು. ನಾನು ಚೂಡಿದಾರದ ಮೇಲೆ ಅದನ್ನು ಹಾಕಿಕೊಂಡಿದ್ದೆ. ಒಮಾನಿ ಮಾಸ್ತರು ಮಾತ್ರ ಬಿಳಿ ದಿಶ್ದಾಶಾ ನಿಲುವಂಗಿಯಲ್ಲಿ, ಫ್ಲಾಸ್ಕಿನಿಂದ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದರು.

ಟ್ರಾಮಿನವಳು ನನ್ನ ಪಕ್ಕ ಮರಳಲ್ಲಿ ಕೂತು ಹೇಳಿದಳು: “ನಾನು ಇವರನ್ನು ಎಷ್ಟೋ ಊರುಗಳಲ್ಲಿ ಕೇಳಿದ್ದೇನೆ. ಆ ಒಂದು ಹಾಡು ಮಾತ್ರ ಸಿಕ್ಕಿಲ್ಲ. ಬೆಳಗಿನ ಮೊದಲ ಟ್ರಾಮಿನಲ್ಲಿ ಯಾರೂ ಇರುತ್ತಿರಲಿಲ್ಲ. ಚಕ್ರ ಹಳಿಯ ಕೀಲು ದಾಟುವಾಗ ಅದೇ ತಾಳ ಕೇಳುತ್ತಿತ್ತು. ನಾನು ಜೋರಾಗಿ ಹಾಡುತ್ತಿದ್ದೆ.”

“ಹಾಗಾದರೆ ಕೇಳಿಯೇ ಬಿಡೋಣ,” ಎಂದೆ. ಬಾಯಿಂದ ಹೇಗೆ ಬಂತೋ. “ನಾವು ಸರಿಯಾಗಿ ಚಪ್ಪಾಳೆ ಹೊಡೆದರೆ ಅವರು ಹಾಡದೆ ಇರ್ತಾರಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಹೀಗೆ ನಾನು ಆ ಮಧ್ಯಾಹ್ನ ತಾಳದ ಮೇಡಮ್ಮಾದೆ.

ಮೊದಲು ಅವರು ಇಂಗ್ಲಿಷಿನಲ್ಲಿ ಒಂದರಿಂದ ಏಳರವರೆಗೆ ಎಣಿಸಿಕೊಂಡು ಹೊಡೆದರು. ಆಗಲೇ ಗೊತ್ತಾಯಿತು ಎಡವುವುದು ಎಲ್ಲೆಂದು. ‘ಸೆವೆನ್’ ಎಂಬಲ್ಲಿ ನಾಲಿಗೆ ಎರಡು ಸಲ ಹೊರಳುತ್ತದೆ, ಅಷ್ಟರಲ್ಲಿ ತಾಳ ಜಾರಿ ಎಂಟಾಗುತ್ತದೆ. “ಎಣಿಸಬೇಡಿ,” ಎಂದೆ. “ನಾನು ಹೇಳಿದ್ದನ್ನು ಹೇಳಿ. ತಕಿಟ. ತಕದಿಮಿ.” ನರ್ಸಿಗೆ ಕೂಡಲೇ ಬಂತು. ಆಕೆ ಚರ್ಚಿನಲ್ಲಿ ಹಾಡುವವಳು. ಮಾಸ್ತರು ಖಾಲಿ ನೀರಿನ ಕ್ಯಾನನ್ನು ತೊಡೆಯ ಮೇಲೆ ಮಗುಚಿಕೊಂಡರು. ಅವರ ಮನೆತನದ ಮದುವೆಗಳಲ್ಲಿ ಡೋಲು ಬಾರಿಸಿದ ಕೈ ಅದು, ಎರಡೇ ಸುತ್ತಿನಲ್ಲಿ ತಾಳ ಹಿಡಿದುಕೊಂಡಿತು. ಆದರೆ ಟ್ರಾಮಿನವಳು ಪ್ರತಿ ಸಲ ಒಂದು ಪೆಟ್ಟು ಹೆಚ್ಚು ಹೊಡೆಯುತ್ತಿದ್ದಳು.

“ಖಲಾಸ್!” ಎಂದು ಆಕೆ ಅಲ್ಲೇ ಕಲಿತ ಅರಬ್ಬಿ ಪದವನ್ನು ಎಸೆದು ಮರಳಿನ ಮೇಲೆ ಮಲಗಿಬಿಟ್ಟಳು.

“ಖಲಾಸ್ ಎಲ್ಲಿ? ಯಲ್ಲಾ, ನಡಿ, ಏಳು!” ಎಂದರು ಮಾಸ್ತರು.

ನಾನು ಅವಳ ಎರಡು ಕೈಗಳನ್ನೂ ನನ್ನ ಕೈಯಲ್ಲಿ ಹಿಡಿದುಕೊಂಡೆ. ಚಪ್ಪಾಳೆ ಬಿಡಿ, ಬರೀ ಬಾಯಲ್ಲಿ ಹೇಳಿ ಎಂದೆ. ನಡೆಯುತ್ತ ಹೇಳಿದೆವು, ಅಲೆಯ ಅಂಚಿನಲ್ಲಿ ಒದ್ದೆ ಮರಳಿನ ಮೇಲೆ, ಅಷ್ಟು ದೂರ ಹೋಗಿ ಮತ್ತೆ ತಿರುಗಿ. ಬರುವಾಗ ಅವಳ ಹೆಜ್ಜೆಯೂ ಬಾಯಿಯೂ ಒಂದಾಗಿದ್ದವು. ವಾಯುವಿಹಾರಕ್ಕೆ ಬಂದ ಮಲಯಾಳಿ ಕುಟುಂಬವೊಂದು ನಿಂತು ನೋಡಿತು. ಅಜ್ಜಿಯೊಬ್ಬರು ನಗುತ್ತ ತಲೆಯಾಡಿಸಿದರು.

ಮರುದಿನ ಗುಡ್ಡದ ಬುಡದ ಬಯಲಿನಲ್ಲಿ ಕಾರ್ಯಕ್ರಮ. ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಶುರುವೆಂದಿದ್ದರು. ನಾವು ಬಿಸಿಲಿರುವಾಗಲೇ ಹೋಗಿ ವೇದಿಕೆಯ ಮುಂದಿನ ಕಟಕಟೆಗೆ ಅಂಟಿಕೊಂಡೆವು. ನನ್ನ ಗಂಡ ಕೊನೆಗೂ ಬಂದಿದ್ದರು, ಆದರೆ ಹಿಂದಿನ ಮೆಟ್ಟಿಲುಗಳ ಸಾಲಿನಲ್ಲಿ, ಕುರ್ಚಿ ಇರುವ ಕಡೆ. ಮಗಳು ನನ್ನಿಂದ ಸಾಕಷ್ಟು ದೂರದಲ್ಲಿ ಗೆಳತಿಯರ ಜೊತೆ ನಿಂತಿದ್ದಳು.

ಅವರು ವೇದಿಕೆಗೆ ಬಂದ ಕ್ಷಣವನ್ನು ವರ್ಣಿಸಲು ನನಗೆ ಬರುವುದಿಲ್ಲ. ಅಡುಗೆಮನೆಯ ಟೇಪ್‌ರೆಕಾರ್ಡರಿನಲ್ಲಿ ಇದ್ದವರು ಕೂದಲು ನೆರೆತು, ಹೊಟ್ಟೆ ಬಂದು, ಬೆವರುತ್ತ ನನ್ನೆದುರು ನಿಂತಿದ್ದರು. ಮೊದಲ ಹಾಡಿಗೇ ನನ್ನ ಮೊಣಕಾಲು ತನ್ನ ನೋವನ್ನು ಮರೆಯಿತು. ಕುಣಿದೆನಾ ಎಂದರೆ, ಹೌದು, ಕುಣಿದೆ.

ಅರ್ಧ ಕಾರ್ಯಕ್ರಮ ಕಳೆದ ಮೇಲೆ ಅವರು ಗಿಟಾರ್ ಬದಲಿಸಲು, ನೀರು ಕುಡಿಯಲು ಸ್ವಲ್ಪ ನಿಂತರು. ನಾನು ಕೈ ಎತ್ತಿ ಸನ್ನೆ ಮಾಡಿದೆ. ನಮ್ಮ ಗುಂಪು ಚಪ್ಪಾಳೆ ಶುರುಮಾಡಿತು. ಮೂರು, ನಾಲ್ಕು. ಮೂರು, ನಾಲ್ಕು. ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಸುತ್ತಲಿನವರಿಗೆ ಉತ್ಸಾಹ ಬಂತು. ಅವರೂ ಕೈ ಸೇರಿಸಿದರು, ತಮಗೆ ಗೊತ್ತಿದ್ದ ನಾಲ್ಕರಲ್ಲಿ. ಕ್ಷಣದಲ್ಲಿ ನಮ್ಮ ಏಳು ಕೊಚ್ಚಿಹೋಯಿತು. ಡ್ರಮ್ಮರ್ ನಮ್ಮತ್ತ ನೋಡಿ ನಕ್ಕು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಟ್ರಾಮಿನವಳು ಕೈ ಇಳಿಸಿದಳು. ಅವಳ ಮುಖ ನೋಡಲು ನನಗಾಗಲಿಲ್ಲ.

ಮೊದಲು ಬಾಯಲ್ಲಿ ಬರಲಿ. ಮಾವನ ಮಾತು ಆಗ ನೆನಪಾಯಿತು. ಚಪ್ಪಾಳೆಯನ್ನು ಯಾರು ಬೇಕಾದರೂ ತಪ್ಪಾಗಿ ಹೊಡೆಯಬಹುದು, ಈ ಸೊಲ್ಲನ್ನು ತಪ್ಪು ತಾಳದಲ್ಲಿ ಹೇಳಲು ಬರುವುದೇ ಇಲ್ಲ.

“ಕೈ ಬೇಡ!” ಎಂದು ಕಿರುಚಿದೆ. “ಬಾಯಿ! ಬಾಯಿ!” ಕನ್ನಡದಲ್ಲೇ ಕಿರುಚಿದ್ದೆ, ಆದರೆ ನನ್ನ ಬೆರಳು ಬಾಯಿ ತೋರಿಸುತ್ತಿತ್ತು. ಕಟಕಟೆಯ ಕೆಳಗಿನ ಕಂಬಿಯ ಮೇಲೆ ಕಾಲಿಟ್ಟು ಏರಿದೆ. ಟ್ರಾಮಿನವಳು ಹಿಂದಿನಿಂದ ನನ್ನ ಸೊಂಟ ಹಿಡಿದಳು. ವೇದಿಕೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ: ತಕಿಟ ತಕದಿಮಿ! ನರ್ಸು ಕೂಗಿದಳು. ಮಾಸ್ತರ ದನಿ ಗುಡುಗಿತು. ಗುಂಪಿನವರೆಲ್ಲ ತಮ್ಮ ತಮ್ಮ ನಾಡಿನ ನಾಲಿಗೆಯಲ್ಲಿ ಕೂಗಿದರು. ಸುತ್ತಲಿನವರ ಚಪ್ಪಾಳೆ ತಡವರಿಸಿ ನಿಂತಿತು.

ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ದೂರದ ಹಿಂದಿನ ಮೆಟ್ಟಿಲುಗಳಿಂದ ಉತ್ತರ ಬಂತು. ಮೊದಲು ತೆಳುವಾಗಿ, ಮತ್ತೆ ದಪ್ಪವಾಗಿ: ತಕಿಟ ತಕದಿಮಿ, ಜೊತೆಗೆ ಸರಿಯಾದ ಚಪ್ಪಾಳೆ! ಮಸ್ಕತ್ ತುಂಬ ನಮ್ಮ ಕಡೆಯವರು ಇದ್ದಾರೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಸಂಗೀತದ ಕ್ಲಾಸಿಗೆ ಹೋದವರು, ಭರತನಾಟ್ಯ ಕಲಿತು ಬಿಟ್ಟವರು, ಮೃದಂಗದ ಮೇಷ್ಟ್ರಿಂದ ಬೈಸಿಕೊಂಡವರು, ಚೆನ್ನೈಯವರು, ತ್ರಿಶ್ಶೂರಿನವರು, ಮೈಸೂರಿನವರು, ಎಲ್ಲರೂ ಅಲ್ಲಿದ್ದರು. ರಾಕ್ ಕಾರ್ಯಕ್ರಮದಲ್ಲಿ ತಮ್ಮ ಬಾಲ್ಯದ ಪಾಠ ಕೇಳಿ ಅವರಿಗೆ ಹುಚ್ಚೇ ಹಿಡಿದಿತ್ತು. ಆ ತಾಳ ಮೆಟ್ಟಿಲಿಳಿದು, ಬಯಲು ದಾಟಿ, ನಮ್ಮವರೆಗೆ ಬಂದು ಕೂಡಿಕೊಂಡಿತು. ಇಡೀ ಬಯಲು ಏಳರಲ್ಲಿ ನಿಂತಿತು.

ಟ್ರಾಮಿನವಳು ನನ್ನ ಸೊಂಟ ಗಟ್ಟಿಯಾಗಿ ಅದುಮಿ, “ತಿರುಗು, ತಿರುಗು!” ಎಂದಳು.

ತಿರುಗಿದೆ. ಡ್ರಮ್ಮರ್ ನೀರಿನ ಬಾಟಲಿ ಹಿಡಿದು ಹಾಗೆಯೇ ನಿಂತಿದ್ದ. ತಲೆ ವಾರೆಮಾಡಿ ಕೇಳುತ್ತಿದ್ದ. ಮೆಲ್ಲನೆ ಕುಳಿತ. ದೊಡ್ಡ ಡ್ರಮ್ಮಿನ ಪೆಡಲಿನ ಮೇಲೆ ಕಾಲಿಟ್ಟು ಬರೀ ಮೊದಲ ಪೆಟ್ಟನ್ನು ಕೊಟ್ಟ. ನಾವು ತಪ್ಪಲಿಲ್ಲ. ಮುಂದಿನ ಸುತ್ತಿನಲ್ಲಿ ಎರಡು ಪೆಟ್ಟು ಕೊಟ್ಟ. ನಾವು ತಪ್ಪಲಿಲ್ಲ. ಅವನು ಗಾಯಕನತ್ತ ನೋಡಿದ. ಗಾಯಕ ಭುಜ ಕುಣಿಸಿ ಮೈಕಿಗೆ ಬಂದು, “ನಾವು ಈ ಹಾಡು ಹಾಡುವುದಿಲ್ಲ,” ಎಂದ. ನಕ್ಕ. “ಪದಗಳು ನೆನಪಿದ್ದರೆ ನೋಡೋಣ.”

ಪದಗಳು ಅವನಿಗೆ ಪೂರ್ತಿ ನೆನಪಿರಲಿಲ್ಲ. ಎರಡನೆಯ ಚರಣವನ್ನು ನಾವೇ ಹಾಡಿ ದಾಟಿಸಿದೆವು. ನನ್ನ ಪಕ್ಕದಲ್ಲಿ ಟ್ರಾಮಿನವಳು ಕಣ್ಣು ಮುಚ್ಚಿ, ಖಾಲಿ ಟ್ರಾಮಿನಲ್ಲಿ ಹಾಡಿದ ಹಾಗೆ, ಯಾರ ಪರಿವೆಯೂ ಇಲ್ಲದೆ ಹಾಡಿದಳು. ಒಂದು ಪೆಟ್ಟೂ ಹೆಚ್ಚಾಗಲಿಲ್ಲ. ಹಾಡು ಮುಗಿದಾಗ ಡ್ರಮ್ಮರ್ ಎದ್ದು ಎರಡೂ ಕೋಲುಗಳನ್ನು ತಲೆಯ ಮೇಲೆತ್ತಿ ಜನಕ್ಕೆ ಬಾಗಿದ. ಜನ ಅವನಿಗೆ ಹೊಡೆದ ಚಪ್ಪಾಳೆಗೆ ಯಾವ ತಾಳವೂ ಇರಲಿಲ್ಲ. ಅದು ಬರೀ ಸಂತೋಷ.

ಹೊರಗೆ ಬರುವಾಗ ಮಗಳು ಗೆಳತಿಯರನ್ನು ಎಳೆದುಕೊಂಡು ಬಂದಳು. “ದಟ್ಸ್ ಮೈ ಮದರ್!” ಎಂದು ಅವರಿಗೆ ತೋರಿಸಿದಳು. ನನ್ನ ಗಂಡ ಹಿಂದಿನಿಂದ ಬಂದರು. ಕೂಗಿ ಕೂಗಿ ಅವರ ದನಿಯೂ ಒಡೆದಿತ್ತು. “ನಾನು ಶುರುಮಾಡಿದ್ದಲ್ಲ ಮಾರಾಯ್ತಿ. ಪಕ್ಕದಲ್ಲಿ ಪಾಲಕ್ಕಾಡಿನವರೊಬ್ಬರು ಇದ್ರು, ಅವರು ಎದ್ದು ನಿಂತ್ರು. ಮತ್ತೆ ನಾನು ಕೂತುಕೊಳ್ಳುದು ಹೇಗೆ?”

ಟ್ರಾಮಿನವಳು ಪಾರ್ಕಿಂಗಿನ ಪಕ್ಕದ ಹುಲ್ಲಿನಲ್ಲಿ ಕೂತು ಶೂಸ್ ಬಿಚ್ಚಿ ಬೆರಳುಗಳನ್ನು ಅಲ್ಲಾಡಿಸುತ್ತಿದ್ದಳು. ಅಳುತ್ತಿರಬಹುದೆಂದು ಹತ್ತಿರ ಹೋದೆ. “ಹಸಿವು,” ಎಂದಳು. ಮಾಸ್ತರು ಹಿಡಿಸಿದಷ್ಟು ಜನರನ್ನು ಕಾರಿಗೆ ತುಂಬಿಕೊಂಡು ಊಟಕ್ಕೆ ಕರೆದೊಯ್ದರು. ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಅನ್ನ, ಮೀನು ತಿಂದೆವು. ಯಾರಿಗೂ ದನಿ ಇರಲಿಲ್ಲ.

ಕೆಲವು ವಾರಗಳ ನಂತರ, ನಮ್ಮ ಆ ರಾತ್ರಿಯ ವಿಡಿಯೋಗಳು ಆನ್‌ಲೈನಿನಲ್ಲಿ ಎಲ್ಲೆಡೆ ಹರಡಿದ ಮೇಲೆ, ಆಫೀಸಿನ ಊಟದ ಹೊತ್ತಿನಲ್ಲಿ ನರ್ಸು ಒಂದು ವಿಡಿಯೋ ಕಳಿಸಿದಳು. ಬ್ಯಾಂಡು ಬೇರೆ ದೇಶದಲ್ಲಿ, ದೊಡ್ಡ ಸಭಾಂಗಣದಲ್ಲಿ ನಿಂತಿತ್ತು. ಗಾಯಕ ಬಾಯಿ ತೆರೆಯುವ ಮೊದಲೇ ದಪ್ಪ ಕೋಟು ತೊಟ್ಟ ಸಾವಿರಾರು ಜನ ಕೂಗುತ್ತಿದ್ದರು. ಅವರ ಬಾಯಲ್ಲಿ ‘ದಿಮಿ’ ಎಂಬುದು ‘ಡಿಮಿ’ಯಾಗಿತ್ತು, ‘ತಕಿಟ’ ಎಲ್ಲೋ ಅರ್ಧ ನುಂಗಿಹೋಗಿತ್ತು. ಡಬ್ಬಿಯ ಮುಚ್ಚಳ ಬದಿಗಿಟ್ಟು ಪೂರ್ತಿ ಕೇಳಿದೆ. ಇರಲಿ, ತಾಳ ತಪ್ಪಿರಲಿಲ್ಲ.