ಹಳದಿಗೆ ತಿರುಗಿದ ನೀರು

ಅವರಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಕೂಗಿದರೆ ನಿಂತು, ಇಡೀ ಮೈಯನ್ನೇ ತಿರುಗಿಸಿ "ಏನ್ರಿ?" ಎನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ನಾನು ಕೂಡ್ಲಿಗಿ ಕಡೆಯ ಹಳ್ಳಿಯೊಂದಕ್ಕೆ ಟೀಚರ್ ಆಗಿ ಹೋದಾಗ, ಬೋರ್‌ವೆಲ್ ನೀರು ಪರೀಕ್ಷೆ ಮಾಡಲು ಅಲ್ಲಿಗೆ ಬರುತ್ತಿದ್ದವರು ಅವರು. ಊರಿಗೆಲ್ಲ 'ನೀರಿನ ಸಾಹೇಬರು'. ಸಾಹೇಬರ ಠೀವಿ ಮಾತ್ರ ಇರಲಿಲ್ಲ. ಬಸ್ಸಿಳಿದು, ಸೀಸೆಗಳ ಮರದ ಪೆಟ್ಟಿಗೆ ಹೊತ್ತು ನಡೆದೇ ಬರುವರು.

ಅವತ್ತು ಅವರು ಶಾಲೆಗೆ ಬಂದಾಗ ನಾನು ಮೂರನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಎಲ್ಲರೆದುರು ನಿಲ್ಲಿಸಿ, ಹಲ್ಲು ತಿಕ್ಕುವುದಿಲ್ಲವೆಂದು ಬೈಯುತ್ತಿದ್ದೆ. ಅವಳ ಹಲ್ಲಿನ ಮೇಲೆಲ್ಲ ಕಂದು ಗೆರೆ.

"ದಿನಾ ಇದ್ದಲಿ ಹಚ್ಚಿ ತಿಕ್ತೀನ್ರಿ ಅಕ್ಕೋರ" ಎಂದು ಅಳುತ್ತಿದ್ದಳು. ನಾನು ನಂಬಲಿಲ್ಲ.

ಸಾಹೇಬರು ಜಗುಲಿಯ ಮೇಲೆ ಎರಡು ಗಾಜಿನ ಕೊಳವೆ ಇಟ್ಟರು. ಒಂದಕ್ಕೆ ಹಳೇ ಸೇದುಬಾವಿಯ ನೀರು, ಇನ್ನೊಂದಕ್ಕೆ ಶಾಲೆ ಮುಂದಿನ ಬೋರಿನದು. ಎರಡಕ್ಕೂ ಒಂದೇ ಕೆಂಪು ದ್ರಾವಣ ಹನಿಸಿದರು; ಎರಡೂ ಗುಲಾಬಿ ಬಣ್ಣಕ್ಕೆ ಬಂದವು.

"ಒಂದ್ ತಾಸು ಕಾಯಬೇಕ್ರಿ."

ಕಾದೆವು. ಬಾವಿಯ ನೀರು ಗುಲಾಬಿಯಾಗಿಯೇ ಉಳಿಯಿತು. ಬೋರಿನದು ಮೆಲ್ಲಗೆ ಹಳದಿಗೆ ತಿರುಗಿತು.

"ಇದು ಫ್ಲೋರೈಡ್ರಿ. ಮೊದ್ಲು ಹಲ್ಲಿಗೆ ಹತ್ತತೈತಿ, ಆಮ್ಯಾಲೆ ಎಲುಬಿಗೆ. ನನ್ನ ಹಲ್ಲು, ಈ ಕುತ್ತಿಗಿ, ಎರಡೂ ನಮ್ಮೂರ ನೀರಿಂದಾನ ಹಿಂಗಾಗ್ಯಾವ. ಆ ಕೂಸು ಎಷ್ಟ್ ತಿಕ್ಕಿದ್ರೂ ಹೋಗಂಗಿಲ್ಲ ಅಕ್ಕೋರ."

ನನಗೆ ತಲೆ ಎತ್ತಲಾಗಲಿಲ್ಲ. ಹುಡುಗಿಯನ್ನು ಸಂಜೆ ಮನೆಗೆ ಕರೆದು ಸಮಾಧಾನ ಹೇಳುತ್ತೇನೆ ಎಂದೆ.

"ಎಲ್ಲಾರ ಮುಂದ ಬೈದೀರಿ. ಎಲ್ಲಾರ ಮುಂದನ ಹೇಳ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ನಾಟಿತು.

ಕ್ಲಾಸಿಗೆ ಹೋಗಿ, ತಪ್ಪು ನನ್ನದು, ಅವಳದಲ್ಲ ಎಂದೆ. ಹುಡುಗಿ ಏನು ಮಾಡಬೇಕೆಂದು ತಿಳಿಯದೆ ನನ್ನ ಸೆರಗು ಹಿಡಿದು ನಿಂತಳು.

ಊರ ಹೆಂಗಸರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. "ಕೈಗೆ ಸಿಗೋ ಬೋರ್ ಬಿಟ್ಟು ಮತ್ತ ಹಗ್ಗ ಹಿಡೀಬೇಕೇನ್ರಿ?" ಎಂದು ಜಗಳಕ್ಕೇ ಬಂದರು. "ಬಟ್ಟಿ ಒಗಿಯಾಕ ಬೋರ್ ಇರ್ಲಿ ತಾಯಿ, ಮಕ್ಕಳ ಬಾಯಿಗೆ ಮಾತ್ರ ಬಾವಿದು" ಎಂದು ಸಾಹೇಬರು ಮನೆಮನೆಗೂ ಹೋಗಿ ಕೊಳವೆ ತೋರಿಸಿದರು. ಮೂರು ತಿಂಗಳಲ್ಲಿ ಬಾವಿಗೆ ಹೊಸ ರಾಟೆ ಬಂತು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂತು. ಹಗರಿಬೊಮ್ಮನಹಳ್ಳಿಯ ಅವರ ಮನೆಗೆ ಹೋದೆ. ಹೆಂಡತಿಗೆ ನನ್ನ ಪರಿಚಯ ಹೇಳಿಕೊಂಡು, ಹಲ್ಲಿನ ಕಲೆಗಾಗಿ ಅವತ್ತು ನಾನು ಬೈದಿದ್ದ ಹುಡುಗಿ ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ ಎಂದೆ. ಆಕೆ ನನಗೆ ಚಾಪೆ ಹಾಸಿಕೊಟ್ಟು ಎದುರು ಕೂತರು.

"ಹಲ್ಲಿನ ಸಲುವಾಗಿ ಮಾಸ್ತರ್ರು ಬೈದ್ರಂತ ಸಣ್ಣಾವ್ರಿದ್ದಾಗ ನಮ್ಮನಿಯವ್ರು ಸಾಲಿನ ಬಿಟ್ಟಿದ್ರಮ್ಮ. ಮತ್ತ ಕಾಲಿಡಾಕ ನಾಕು ವರ್ಷ ಹಿಡೀತು."

ಇದನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ.