ನಿಯಾಜ್ ಹೇಳಿದ ಗುಡ್ಡ

ಗೇರುಹಣ್ಣು ಕೊಳೆಯತೊಡಗುವ ಮುನ್ನ ಅದಕ್ಕೊಂದು ವಾಸನೆ ಬರುತ್ತದೆ. ಸಿಹಿಯೇ, ಆದರೆ ಗಂಟಲಿಗೆ ಹಿಡಿಯುವಂಥದು. ಕಳೆದ ಬೇಸಿಗೆಯಲ್ಲಿ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸು ಹತ್ತಿದ ಹೆಂಗಸೊಬ್ಬಳ ಚೀಲದಿಂದ ಆ ವಾಸನೆ ಬಂತು. ಬಸ್ಸಿನಲ್ಲಿ ಬೇರೆ ಯಾರೂ ಗಮನಿಸಿದಂತೆ ಕಾಣಲಿಲ್ಲ. ನಾನು ಮಾತ್ರ ಇಳಿಯಬೇಕಾದ ಸ್ಟಾಪು ದಾಟಿ ಹೋಗಿಬಿಟ್ಟೆ. ಮುರಕಲ್ಲಿನ ಏರುದಾರಿ, ಮುಂದೆ ಹೋಗುತ್ತಿರುವ ಎರಡು ಸೈಕಲ್ಲುಗಳು, ಬೆವರಿಗೆ ಬೆನ್ನಿಗಂಟಿದ ಅಂಗಿಗಳು, ಅವೆಲ್ಲದರ ಹಿಂದೆ ಕುದ್ರೋಳಿಯಲ್ಲಿ ಈಗ ಇಲ್ಲದ ಒಂದು ಮನೆ ಕಣ್ಣೆದುರು ಬಂದು ನಿಂತಿದ್ದವು.

ಅದು ನಿಯಾಜನ ಮನೆ. ನಮಗೂ ಅವರಿಗೂ ನಡುವೆ ಇದ್ದದ್ದು ಒಂದು ಗಿಡ್ಡ ಪಾಗಾರ ಮಾತ್ರ, ಆ ಗೋಡೆಯನ್ನೂ ನಾವು ಹಾರಿ ಹಾರಿ ಸವೆಸಿದ್ದೆವು. ಅವನ ತಂದೆಗೆ ಬಂದರಿನಲ್ಲಿ ಮೆಣಸು, ಹುಣಸೆಹುಳಿಯ ವ್ಯಾಪಾರವಿತ್ತು. ಆದ್ದರಿಂದ ಆ ಮನೆಯ ಬಾಗಿಲು ತೆರೆದರೆ ಮೊದಲು ಸೀನು ಬರುತ್ತಿತ್ತು, ಆಮೇಲೆ ಒಳಗಿನಿಂದ ಅಕ್ಕಿರೊಟ್ಟಿಯಂಥ ಪತ್ತಿರಿ ಬೇಯುವ ಪರಿಮಳ. ಅವನ ತಾಯಿಯನ್ನು ನಾವೆಲ್ಲರೂ ಉಮ್ಮ ಎಂದೇ ಕರೆಯುತ್ತಿದ್ದೆವು. “ಎಂತ, ನಿಮ್ಮ ಮನೆಯಲ್ಲಿ ಊಟ ಹಾಕುದಿಲ್ವಾ?” ಎಂದು ಬೈಯುತ್ತಲೇ ಅವರು ನಮ್ಮ ಮುಂದೆ ತಟ್ಟೆ ಇಡುತ್ತಿದ್ದರು. ನಾನು, ನನ್ನ ಚಿಕ್ಕಪ್ಪನ ಮಗ ಜಗ್ಗು, ಹಿಂದಿನ ಓಣಿಯ ರೋಶನ್ ಮತ್ತು ನಿಯಾಜ್ ಅಡುಗೆಮನೆಯ ನೆಲದಲ್ಲಿ ಸಾಲಾಗಿ ಕುಳಿತರೆ, ನಿಯಾಜನ ಅಕ್ಕ ಜೀನತ್ ನಮ್ಮನ್ನು ದಾಟಿ ಹೋಗಲಾಗದೆ ರೇಗುತ್ತಿದ್ದಳು.

ನಿಯಾಜ್ ಒಮ್ಮೆ ತನ್ನ ಮಾವನ ಲೂನಾದ ಹಿಂದೆ ಕುಳಿತು ಕೂಳೂರು ಹೊಳೆಯ ಸಂಕದಾಚೆಯ ಗುಡ್ಡಗಳ ಕಡೆ ಹೋಗಿಬಂದಿದ್ದ. ಅಲ್ಲೊಂದು ಬೋಳು ಗುಡ್ಡದ ತಲೆಯಿಂದ ತನ್ನ ಮನೆಯ ತಾರಸಿ ಕಂಡಿತು ಎಂದು ಹೇಳಿದ. ಯಾರೂ ನಂಬಲಿಲ್ಲ. “ಬೇಸಿಗೆ ರಜೆಯಲ್ಲಿ ಸೈಕಲ್‌ನಲ್ಲಿ ಹೋಗುವಾ, ತೋರಿಸ್ತೇನೆ” ಎಂದು ಅವನು ನಮ್ಮ ಮೂವರ ಕೈ ಹಿಡಿದು ಮಾತು ತೆಗೆದುಕೊಂಡ. ಆದರೆ ಬೇಸಿಗೆಗಿಂತ ಮೊದಲು ಮಳೆಗಾಲ ಬಂತು, ಮಳೆಯ ಜೊತೆಗೆ ಊರಿಗೆಲ್ಲ ಮಲೇರಿಯಾ ಬಂತು. ನಮಗೂ ಬಂತು, ಬಿಟ್ಟಿತು. ನಿಯಾಜನಿಗೆ ಅದು ತಲೆಗೇರಿತು. ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ.

ಆ ಮೇಲೆ ಉಮ್ಮ ಬೈಯುವುದನ್ನು ಬಿಟ್ಟರು. ನಾವು ಪಾಗಾರ ಹಾರುವುದನ್ನು ಬಿಟ್ಟೆವು. ಮರುಬೇಸಿಗೆಯಲ್ಲಿ ಗುಡ್ಡಕ್ಕೆ ಹೋಗೋಣ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ರೋಶನ್. ಕಡಿಮೆ ಮಾತಿನ ಹುಡುಗ ಅವನು. ತಮಾಷೆಗೂ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಹೊರಡುವ ಬೆಳಿಗ್ಗೆ ಹೇಗೋ ವಿಷಯ ತಿಳಿದು ಉಮ್ಮ ಗೇಟಿಗೆ ಬಂದರು, ನಿಯಾಜನ ಸೈಕಲ್ಲನ್ನು ತಾವೇ ತಳ್ಳಿಕೊಂಡು. “ಇದು ಇಲ್ಲಿ ನಿಂತು ಎಂತ ಮಾಡುದು, ಮೋನೆ? ತಗೊಂಡು ಹೋಗು” ಎಂದು ನನಗೆ ಕೊಟ್ಟರು. ನಾನು ಹತ್ತಿ ಕುಳಿತ ಮೇಲೂ ಅವರ ಕೈ ಹ್ಯಾಂಡಲ್ ಬಿಡಲಿಲ್ಲ. “ಮಧ್ಯಾಹ್ನದ ಬಾಂಗ್ ಆದ ಕೂಡಲೇ ಅವನ ಕೆಂಪು ಚಾದರ ತಾರಸಿಯಲ್ಲಿ ಹಾಕ್ತೇನೆ. ಅವನು ಹೇಳಿದ್ದು ಹೌದಾ ಅಂತ ನೋಡಿ ಬಂದು ಹೇಳಿ.”

ನಿಯಾಜ್ ನನಗಿಂತ ಎತ್ತರ. ಅವನ ಸೀಟಿನಲ್ಲಿ ನನ್ನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಕೂಳೂರು ಸಂಕದ ಮೇಲೆ ಲಾರಿಗಳ ಗಾಳಿಗೆ ಸೈಕಲ್ ಹೊಯ್ದಾಡಿದಾಗ ಭಯವಾಯಿತು. ಕೆಳಗೆ ಹೊಳೆ ಉಬ್ಬರದ ನೀರು ತುಂಬಿಕೊಂಡು ಅಲುಗಾಡದೆ ಮಲಗಿತ್ತು. ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಡಾಂಬರು ತೆಳುವಾಯಿತು, ಆಮೇಲೆ ಕೆಂಪು ಮಣ್ಣು, ಆಮೇಲೆ ಬರೀ ಕಲ್ಲು. ಇಕ್ಕೆಲಗಳಲ್ಲಿ ಗೇರುಮರ, ಬಿದ್ದ ಹಣ್ಣುಗಳ ಮೇಲೆ ಚಕ್ರ ಹರಿದರೆ ಪಿಚಕ್ಕೆಂದು ರಸ ಹಾರುತ್ತಿತ್ತು. ಜಗ್ಗು ಮೊದಲು ಹಾಡಿದ, ಮತ್ತೆ ಏದುಸಿರು ಬಿಟ್ಟ, ಕೊನೆಗೆ ಅವನೂ ಸುಮ್ಮನಾದ. ದಾರಿ ಕವಲಾದಲ್ಲೆಲ್ಲ ನಾವು ನಿಂತು ಮುಖ ನೋಡಿಕೊಳ್ಳುತ್ತಿದ್ದೆವು. ದಾರಿ ಬಲ್ಲವನು ನಮ್ಮ ಜೊತೆ ಇರಲಿಲ್ಲ. ಆದರೂ ಒಂದು ಕಡೆಯೂ ತಪ್ಪಲಿಲ್ಲ. ಆ ಏರಿನಲ್ಲಿ ನಾನು ಎಲ್ಲರಿಗಿಂತ ಹಿಂದಿದ್ದೆ, ಆದರೂ ನನ್ನ ಹಿಂದೆ ಇನ್ನೊಬ್ಬರಿದ್ದಾರೆ ಎಂದೇ ಅನಿಸುತ್ತಿತ್ತು. ತಿರುಗಿ ನೋಡಲಿಲ್ಲ. ನೋಡಿದರೆ ಹೋಗಿಬಿಟ್ಟಾನು ಎಂಬ ಭಯವೋ, ಇದ್ದುಬಿಟ್ಟಾನು ಎಂಬ ಭಯವೋ, ಇಂದಿಗೂ ತಿಳಿಯದು.

ಗುಡ್ಡದ ತಲೆ ಸುಟ್ಟ ಹೆಂಚಿನಂತೆ ಕಾದಿತ್ತು. ದಕ್ಷಿಣಕ್ಕೆ ನೋಡಿದರೆ ತೆಂಗಿನ ತಲೆಗಳ ಹಸಿರು, ಹೊಳೆಯ ಒಂದು ತುಂಡು, ಆಚೆ ಕಡಲಿನ ಮಾಸಲು ಗೆರೆ. ಊರೇ ಕಾಣಲಿಲ್ಲ, ಇನ್ನು ಮನೆಯೆಲ್ಲಿ! ಕೆಳಗಿನ ಯಾವುದೋ ಮಸೀದಿಯಿಂದ ಬಾಂಗ್ ಕೇಳಿಸಿತು. ನಾವು ಕಣ್ಣಿಗೆ ಕೈ ಅಡ್ಡ ಹಿಡಿದು ಕಾದೆವು. ಕೋರೆಯಿಂದ ಕಡಿದು ಪೇರಿಸಿಟ್ಟ ಕಲ್ಲುಗಳ ಮೇಲೆ ಹತ್ತಿ ನಿಂತಿದ್ದ ರೋಶನ್ ಮೆಲ್ಲಗೆ ಹೇಳಿದ: “ಅಗೋ, ಉಂಟು. ಕೆಂಪು.”

“ಎಲ್ಲಿ ಮಾರಾಯ?” ಎಂದ ಜಗ್ಗು.

“ಅಲ್ಲಿ. ಹಾರ್ತಾ ಉಂಟು, ಗಾಳಿಗೆ.”

ಗುಡ್ಡದ ಮೇಲೆ ಒಂದು ಹುಲ್ಲೂ ಅಲುಗುತ್ತಿರಲಿಲ್ಲ. ನಾನೂ ಜಗ್ಗುವೂ ಕಲ್ಲು ಹತ್ತಿ, ಅವನ ಬೆರಳಿನ ನೇರಕ್ಕೆ ಕಣ್ಣು ನೀರಾಗುವಷ್ಟು ಹೊತ್ತು ನೋಡಿದೆವು. ನಮಗೆ ಏನೂ ಕಾಣಲಿಲ್ಲ. ರೋಶನ್ ಮಾತ್ರ ಕೆಳಗಿಳಿಯಲೇ ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಸಂಜೆ ನಾವು ಮರಳುವಾಗ ಉಮ್ಮ ಮೆಟ್ಟಿಲ ಮೇಲೆ ಕುಳಿತಿದ್ದರು, ಕಣ್ಣು ಊದಿಕೊಂಡಿದ್ದವು. “ಕಂಡಿತಾ?” ಎಂದರು. ನಾನೂ ಜಗ್ಗುವೂ ನೆಲ ನೋಡಿದೆವು. “ಕಂಡಿತು ಉಮ್ಮ. ಗಾಳಿಗೆ ಹಾರ್ತಾ ಇತ್ತು” ಎಂದ ರೋಶನ್. ಉಮ್ಮ ಅವನ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಜೀನತ್ ಬಿಳಿಚಿಕೊಂಡಿದ್ದಳು.

ಮರುದಿನ ಅವಳು ಪಾಗಾರದ ಹತ್ತಿರ ಬಂದು ನನಗೆ ಹೇಳಿದಳು: “ಉಮ್ಮ ತಾರಸಿಗೆ ಹೋಗಲೇ ಇಲ್ಲ. ಪೆಟ್ಟಿಗೆಯಿಂದ ಚಾದರ ತೆಗೆದವರು ಅದರಲ್ಲಿ ಮುಖ ಇಟ್ಟು ಅವನ ಮಂಚದಲ್ಲೇ ಕೂತುಬಿಟ್ಟರು. ಬಾಂಗ್ ಆದದ್ದೂ ಗೊತ್ತಿಲ್ಲ. ತಾರಸಿಯ ಬಾಗಿಲಿನ ಚಿಲಕ ಸಹ ತೆಗೆದಿರಲಿಲ್ಲ.” ಆಮೇಲೆ ಸ್ವರ ತಗ್ಗಿಸಿ, “ಉಮ್ಮ ಹೇಳ್ತಾರೆ, ಅವನೇ ಹಾಕಿದ್ದಂತೆ” ಎಂದಳು.

ಅಂದಿನಿಂದ ಉಮ್ಮ ಸರಿಯಾಗಿ ಉಣ್ಣತೊಡಗಿದರು. ನಮ್ಮನ್ನು ಮತ್ತೆ ಕರೆದರು, ಮತ್ತೆ ಬೈದರು. ರೋಶನನ ತಟ್ಟೆಗೆ ಒಂದು ಪತ್ತಿರಿ ಹೆಚ್ಚು ಬೀಳುತ್ತಿತ್ತು. ಮಳೆ ಇಲ್ಲದ ದಿನ ಆ ಚಾದರ ತಾರಸಿಯ ಹಗ್ಗದ ಮೇಲೆ ಇರುತ್ತಿತ್ತು, ತೊಳೆಯದಿದ್ದರೂ. ಬಿಸಿಲಿಗೆ ಅದು ಕೆಂಪು ಬಿಟ್ಟು ಇಟ್ಟಿಗೆಯ ಬಣ್ಣಕ್ಕೆ, ಮತ್ತೆ ಇನ್ನೂ ಪೇಲವವಾದ ಬಣ್ಣಕ್ಕೆ ಇಳಿಯಿತು. ನಾವು ದೊಡ್ಡವರಾದೆವು. ರೋಶನ್ ಆ ದಿನದ ಬಗ್ಗೆ ಮಾತೆತ್ತಿದವನಲ್ಲ. ಅವನ ಮದುವೆಯ ದಿನ ನಾನೇ ಕೇಳಿದೆ. “ಕಂಡದ್ದನ್ನು ಹೇಳಿದೆ. ಇನ್ನೆಂತ ಹೇಳುದು?” ಎಂದು ಬೇರೆ ಕಡೆ ನೋಡಿದ.

ನಿಯಾಜನ ತಂದೆ ತೀರಿದ ಮೇಲೆ ಬಂದರಿನ ಅಂಗಡಿ ಮುಚ್ಚಿತು. ದುಬೈಯಲ್ಲಿ ಸಂಸಾರ ಹೂಡಿದ್ದ ಜೀನತ್ ಉಮ್ಮನನ್ನು ಕರೆದುಕೊಂಡು ಹೋಗಲು ಬಂದಳು. ಮನೆ ಖಾಲಿ ಮಾಡುವ ದಿನ ಸಾಮಾನು ಹೊರಲು ನಾನೂ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಉಮ್ಮ ನನ್ನನ್ನು ತಾರಸಿಗೆ ಕರೆದರು. ಹಗ್ಗದಿಂದ ಚಾದರ ಇಳಿಸಿ ಎರಡು ಮೂಲೆ ನನ್ನ ಕೈಗೆ ಕೊಟ್ಟರು. ಇಬ್ಬರೂ ಎಳೆದು ಹಿಡಿದು ಕೊಡವಿದೆವು. ಅಂಚಿಗೆ ಅಂಚು ಕೂಡಿಸಿ ನಾನು ಅವರತ್ತ ನಡೆದೆ. ಕೈಗೆ ಕೈ ತಾಗಿದಾಗ ಅವರು ಬಿಡಲಿಲ್ಲ.

“ನೀನೂ ಕಂಡಿದ್ದೀಯಲ್ಲಾ, ಮೋನೆ?”

“ಹೌದು ಉಮ್ಮ, ಕಂಡಿದ್ದೇನೆ” ಎಂದೆ.

ಅವರು ತಲೆಯಾಡಿಸಿದರು. ಮಡಚಿದ ಬಟ್ಟೆಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ನಾನು ಅಲ್ಲೇ ನಿಂತು ಉತ್ತರಕ್ಕೆ ನೋಡಿದೆ. ತೆಂಗಿನ ತಲೆಗಳ ನಡುವೆ ಹೊಸ ಕಟ್ಟಡಗಳು ಎದ್ದಿದ್ದವು. ಅವುಗಳಾಚೆ, ತೀರ ದೂರದಲ್ಲಿ, ಗುಡ್ಡಗಳು ಒಂದರ ಹಿಂದೊಂದು ನೀಲಿಯಾಗಿ ಮಲಗಿದ್ದವು. ಅವುಗಳಲ್ಲಿ ನಮ್ಮದು ಯಾವುದೆಂದು ನನಗೆ ಗುರುತು ಸಿಗಲಿಲ್ಲ.