ವಾಲ್ದುರನ ಅಟ್ಟದ ಹಲಗೆಗಳು

ವಾಲ್ದುರನ ಸೌದೆಯ ಬಗ್ಗೆ ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ, ಯಾಕೆಂದರೆ ಅವರವರ ಮನೆಯ ಸೌದೆಯೂ ನೆನಪಿಗೆ ಬರುತ್ತದೆ. ಚಳಿಗಾಲ ಮುಗಿಯುವ ಮುಂಚೆ, ಮರಕ್ಕೆ ರಸ ಏರುವ ಮೊದಲೇ ಬರ್ಚ್ ಮರ ಕಡಿದುಬಿಡಬೇಕು. ಹಿಮ ಕರಗುವಷ್ಟರಲ್ಲಿ ಸೀಳಿ, ತೊಗಟೆ ಮೇಲೆ ಮಾಡಿ, ಗಾಳಿ ಆಡುವಂತೆ ಒಟ್ಟಬೇಕು. ಎರಡು ಬೇಸಿಗೆ ಪೂರ್ತಿ ಬಿಸಿಲು ಕುಡಿದ ಮೇಲೇ ಒಲೆಗೆ. ಇಷ್ಟು ನಮಗೆಲ್ಲ ಗೊತ್ತು. ಅವನು ಮಾತ್ರ ಅದನ್ನು ಮಾಡುತ್ತಿದ್ದ. ಎರಡು ಸೀಳು ಎತ್ತಿ ಕಿವಿಯ ಹತ್ತಿರ ಒಂದಕ್ಕೊಂದು ತಟ್ಟುವನು. ಖಣ್ ಎಂದರೆ ಒಣಗಿದೆ, ದಪ್ ಎಂದರೆ ಹಸಿ. ನನ್ನ ಸೌದೆಯನ್ನೂ ಹಾಗೆ ತಟ್ಟಿ, "ಹಸಿ, ಮೇತಕ್ಕ" ಎಂದು ಮುಖದ ಮೇಲೆ ಹೊಡೆದಂತೆ ಹೇಳಿ ಹೋಗುವನು. ಎಂಥ ಸಿಟ್ಟು ಬರುತ್ತಿತ್ತು ಅಂತೀರಿ! ಆದರೆ ಅವನು ಹೇಳಿದ್ದು ಯಾವತ್ತೂ ನಿಜವೇ. ಒಣಗಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ಆ ಮನುಷ್ಯನ ಬಾಯಲ್ಲಿ ಸುಳ್ಳು ಬಂದದ್ದನ್ನು ನಾನು ಕೇಳಿರಲಿಲ್ಲ.

ದಕ್ಷಿಣ ಎಸ್ಟೋನಿಯಾದ ಈ ಗುಡ್ಡಗಳಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಆಲೂಗಡ್ಡೆ ಹೊಲ, ಅಷ್ಟೇ. ತಾಯಿ ಸತ್ತ ಮೇಲೆ ಅವನು ಅಜ್ಜನ ಕಾಲದ ಆ ದಿಮ್ಮಿಮನೆಯಲ್ಲಿ ಒಬ್ಬನೇ ಇದ್ದ. ಅಡುಗೆಮನೆಯಲ್ಲೇ ಬೇಯಿಸುವುದು, ಅಲ್ಲೇ ಮಲಗುವುದು. ದೊಡ್ಡ ಕೋಣೆಗೆ ಬೀಗ. ಐವತ್ತು ದಾಟಿದವನು ಹೀಗೆ ಗೂಬೆಯ ಹಾಗೆ ಕೂತಿರುವುದನ್ನು ನೋಡಲಾರದೆ ನಾನೇ ಮಧ್ಯೆ ಬಾಯಿ ಹಾಕಿದೆ. ವೊರು ಪೇಟೆಯ ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ದುಡಿದಿದ್ದ ವೈಕೆಯನ್ನು ಒಂದು ಭಾನುವಾರ ಕರೆದುಕೊಂಡು ಬಂದೆ. ಅವಳೂ ಒಂಟಿ, ಅವನಿಗಿಂತ ಎರಡು ವರ್ಷ ಚಿಕ್ಕವಳು. ಬೇಸಿಗೆಯಲ್ಲಿ ಮದುವೆ ಆಗಿಯೇ ಹೋಯಿತು.

ಆದರೆ ವೈಕೆಗೆ ಒಂದು ಭಯವಿತ್ತು. ಚಿಕ್ಕಂದಿನಲ್ಲಿ ಇಂಥದೇ ಹಳೇ ಮನೆಯ ಚಳಿಯಲ್ಲಿ ಅವಳಿಗೆ ಎದೆ ಕಟ್ಟಿ, ಜೀವ ಹೋಗಿ ಬಂದಿತ್ತಂತೆ. ಪೇಟೆಯಲ್ಲಿದ್ದ ಅವಳ ಕೋಣೆಯಲ್ಲಿ ಪೈಪಿನ ಬಿಸಿ ತಾನಾಗಿ ಬರುತ್ತಿತ್ತು. ಆ ಕೋಣೆಯನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಗಂಡನಿಗೆ ನೇರವಾಗಿಯೇ ಹೇಳಿದಳು: "ಒಂದು ಚಳಿಗಾಲ ನೋಡ್ತೀನಿ ವಾಲ್ದುರ್. ಎದೆ ಕಟ್ಟಿತು ಅಂದ್ರೆ ನಾನು ಹೊರಟೆ. ನಿನ್ನ ಮೇಲೆ ಕೋಪಕ್ಕಲ್ಲ, ಜೀವದ ಆಸೆಗೆ."

"ಎದೆ ಕಟ್ಟಲ್ಲ," ಎಂದ ಅವನು.

ಆ ಶರತ್ಕಾಲದಲ್ಲಿ ಅವನು ಮನೆಗೆ ಮಾಡಿದ ಆರೈಕೆ ನೋಡಬೇಕಿತ್ತು! ಜೌಗಿನಿಂದ ಪಾಚಿ ತಂದು ಒಣಗಿಸಿ, ದಿಮ್ಮಿಗಳ ಸಂದಿಗೆಲ್ಲ ಬೆಣೆ ಇಟ್ಟು ಹೊಡೆದು ತುಂಬಿದ. ಗೋಡೆಯ ಬುಡಕ್ಕೆ ಸುತ್ತಲೂ ಸ್ಪ್ರೂಸ್ ಮರದ ಸೊಪ್ಪು ಒತ್ತಿದ. ಇಬ್ಬರೂ ಸೇರಿ ಕಿಟಕಿಗಳಿಗೆ ಎರಡನೇ ಗಾಜು ಹಾಕಿ, ನಡುವೆ ಹತ್ತಿ ಹಾಸಿದರು. ವೈಕೆ ಮೈದಾ ಅಂಟು ಕಾಯಿಸಿ ಕೊಟ್ಟಳು, ಇವನು ಚೌಕಟ್ಟಿನ ಸಂದಿಗೆ ಕಾಗದದ ಪಟ್ಟಿ ಅಂಟಿಸಿದ. ಅವಳು ಹತ್ತಿಯ ಮೇಲೆ ಕೆಂಪು ಕಾಡುಹಣ್ಣಿನ ಗೊಂಚಲನ್ನೂ ಇಟ್ಟಳು.

"ಅದ್ಯಾಕೆ? ಅದರಿಂದ ಚಳಿ ನಿಲ್ಲುತ್ತಾ?" ಎಂದ.

"ಚಳಿ ನಿಲ್ಲಲ್ಲ. ನಾನು ನಿಲ್ಲಬಹುದು," ಎಂದಳು. ಅವನು ಇಡೀ ದಿನ ಸಿಳ್ಳೆ ಹಾಕುತ್ತಾ ಓಡಾಡಿದ.

ಇಷ್ಟೆಲ್ಲ ಮಾಡಿದವನು ಒಂದೇ ಒಂದು ಮರೆತಿದ್ದ. ಈ ವರ್ಷ ಉರಿಸುವ ಸೌದೆ ಹೋದ ವರ್ಷದ್ದು. ಹೋದ ವರ್ಷ ಅದನ್ನು ಕಡಿದವನು ಒಂಟಿ ಗಂಡಸು, ಒಂದೇ ಒಲೆಯವನು. ಈಗ ಬೀಗ ತೆಗೆದು ಇಬ್ಬರೂ ಮಲಗುವ ದೊಡ್ಡ ಕೋಣೆಯ ಇಟ್ಟಿಗೆ ಒಲೆಗೂ ಎರಡು ಹೊತ್ತು ಸೌದೆ ಬೇಕು. ಕ್ರಿಸ್‌ಮಸ್ ಇನ್ನೂ ದೂರವಿರುವಾಗಲೇ ಒಣ ರಾಶಿ ತಳ ಕಂಡಿತು. ಒಂದು ದಿನ ಹೋಗಿ ನೋಡುತ್ತೇನೆ, ಒಲೆಯಲ್ಲಿ ಈ ವರ್ಷದ ಬರ್ಚ್ ಬುಸುಗುಡುತ್ತಿದೆ, ತುದಿಯಿಂದ ನೀರು ಜಿನುಗುತ್ತಿದೆ.

"ಲೋ ವಾಲ್ದುರ್! ಊರಿಗೆಲ್ಲ ಬುದ್ಧಿ ಹೇಳೋನು ನೀನು, ನಿನ್ನ ಒಲೇಲಿ ಹಸಿ ಸೌದೆನಾ?"

ಅವನು ತಲೆ ಎತ್ತಲಿಲ್ಲ. ಮಾರನೇ ದಿನ ನನ್ನ ರಾಶಿಯಲ್ಲಿ ಒಣಗಿದ್ದನ್ನೇ ಆರಿಸಿ ಜಾರುಗಾಡಿಯಲ್ಲಿ ಒಂದಿಷ್ಟು ಎಳೆದು ತಂದು ಸುರಿದೆ. ಒಲೆಯೇನೋ ಉರಿಯಿತು. ಆದರೆ ಮಂಚ ಇದ್ದದ್ದು ಬಡಗಣ ಗೋಡೆಯ ಪಕ್ಕ, ಆ ಗೋಡೆಯ ದಿಮ್ಮಿಗಳು ಮುದಿಯಾಗಿ ಬಿರುಕು ಬಿಟ್ಟಿದ್ದವು. ಪಾಚಿ ತುಂಬುವುದು ಸಂದಿಗೆ. ಮರವೇ ಸೀಳಿದ್ದರೆ ಏನು ಮಾಡುವುದು? ಬೆಳಗಾದರೆ ಒಳಗಿನ ಮೊಳೆಗಳ ತಲೆ ಮೇಲೆ ಬೆಳ್ಳಗೆ ಹಿಮ ಕೂತಿರುತ್ತಿತ್ತು. ಮಂಚ ಸರಿಸೋಣವೆಂದರೆ ಉಳಿದ ಕಡೆಯೆಲ್ಲ ಬಾಗಿಲು, ಕಿಟಕಿ, ಒಲೆ. ವೈಕೆ ಕೆಮ್ಮತೊಡಗಿದಳು. ಒಂದು ಗುರುವಾರ ನಾನು ಹೋದಾಗ ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು, ಬಟ್ಟೆ ಮಡಚಿಡುತ್ತಾ ಅಳುತ್ತಿದ್ದಳು.

"ಶನಿವಾರದ ಬಸ್ಸಿಗೆ ಹೋಗ್ತೀನಿ ಮೇತಕ್ಕ. ಅವನ ಮುಖ ನೋಡೋಕಾಗ್ತಿಲ್ಲ."

ಆ ಸಂಜೆಯೇ ವಾಲ್ದುರ್ ನನ್ನ ಬಾಗಿಲಿಗೆ ಬಂದ. "ಒಣ ಹಲಗೆ ಇದೆಯಾ ಮೇತಕ್ಕ? ಗೋಡೆಗೆ ಒಳಗಿಂದ ಹೊದಿಸ್ತೀನಿ."

"ಹಲಗೆ ಇದೆ ಕಣೋ, ಆದರೆ ಈ ವರ್ಷದ್ದು."

"ಹಸಿ ಹಲಗೆ ಒಲೆಯ ಬಿಸಿಗೆ ಕುಗ್ಗುತ್ತೆ. ಒಂದೊಂದು ಸಂದೀಲೂ ಬೆರಳು ಹೋಗುತ್ತೆ," ಎಂದು ಹೊಸಿಲಿಂದಲೇ ಹೊರಟುಹೋದ.

ಶುಕ್ರವಾರ ವೈಕೆ ನನ್ನ ಮನೆಯ ಉಗಿಸ್ನಾನಕ್ಕೆ ಬಂದಿದ್ದಳು. ಅವರ ಮನೆ ಕಡೆಯಿಂದ ಒಂದೇ ಸಮ ಸುತ್ತಿಗೆ ಸದ್ದು. ಅವಳು ತಲೆ ಒಣಗಿಸಿಕೊಳ್ಳುವಷ್ಟರಲ್ಲಿ ನಾನು ಓಡಿಹೋಗಿ ನೋಡಿದೆ. ಅಟ್ಟದ ಏಣಿ ಇಳಿದಿದೆ. ಬಡಗಣ ಗೋಡೆಗೆ ಜೇನುಬಣ್ಣದ ಅಗಲ ಪೈನ್ ಹಲಗೆಗಳು, ಹಿಂದೆ ಮರದ ಹೊಟ್ಟು, ಪಾಚಿ ಒತ್ತಿ ತುಂಬಿದ್ದಾನೆ. ಕೊನೆಯ ಹಲಗೆ ಅವನ ಕೈಯಲ್ಲಿದೆ. ಆ ಹಲಗೆಗಳನ್ನು ನಾನು ಬಲ್ಲೆ.

ನಮ್ಮ ಕಡೆ ವಯಸ್ಸಾದವರು ತಮ್ಮ ಶವಪೆಟ್ಟಿಗೆಯ ಹಲಗೆಯನ್ನು ತಾವೇ ಕೊಯ್ಸಿ ಅಟ್ಟದಲ್ಲಿ ಒಣಗಲು ಇಡುತ್ತಾರೆ. ವಾಲ್ದುರ್ ವಯಸ್ಸಾಗುವ ಮೊದಲೇ ಇಟ್ಟ. ಅವನ ತಾಯಿ ಇದ್ದಕ್ಕಿದ್ದಂತೆ ಹೋದಾಗ ಸಿಕ್ಕಿದ್ದು ಯಾರದೋ ಹಸಿ ಹಲಗೆ. ಗೋರಿಗೆ ಒಯ್ಯುವಷ್ಟರಲ್ಲಿ ಪೆಟ್ಟಿಗೆ ಬಾಯಿ ಬಿಟ್ಟಿತ್ತು. ಅಂದು ಅವನು ಅತ್ತದ್ದು ತಾಯಿ ಸತ್ತದ್ದಕ್ಕಿಂತ ಆ ಬಿರುಕಿಗೇ ಹೆಚ್ಚು. ಮುಂದಿನ ಚಳಿಗಾಲವೇ ಒಳ್ಳೆಯ ಪೈನ್ ಕಡಿದು ಕೊಯ್ಸಿ ಅಟ್ಟಕ್ಕೇರಿಸಿದ್ದ. ಆ ಮನೆಯಲ್ಲಿ ಅದಕ್ಕಿಂತ ಒಣಗಿದ ಮರ ಇನ್ನೊಂದಿರಲಿಲ್ಲ.

ನನ್ನ ಬೆನ್ನಿಗೇ ವೈಕೆ ಬಂದಳು. ಗೋಡೆಗೆ ಅಂಗೈ ಇಟ್ಟಳು. ಮತ್ತೆ ಇಟ್ಟಳು. "ಬೆಚ್ಚಗಿದೆ! ಇಷ್ಟು ಚೆನ್ನಾಗಿರೋ ಹಲಗೆ ಎಲ್ಲಿತ್ತು?"

"ಅಟ್ಟದಲ್ಲಿ ಸುಮ್ನೆ ಬಿದ್ದಿತ್ತು," ಎಂದ ಅವನು.

ನನ್ನ ಬಾಯಿ ನನ್ನ ಮಾತು ಎಲ್ಲಿ ಕೇಳುತ್ತದೆ? "ಸುಮ್ನೆ ಅಲ್ಲ ಕಣೇ. ಅದು ಅವನ ಪೆಟ್ಟಿಗೆಗೆ ಇಟ್ಟಿದ್ದು," ಎಂದುಬಿಟ್ಟೆ.

ವೈಕೆ ಗೋಡೆಯಿಂದ ಕೈ ತೆಗೆಯಲಿಲ್ಲ. ಹಾಗೇ ಗಂಡನನ್ನು ಕೇಳಿದಳು, "ನಾಳೆ ನೀನು ಸತ್ರೆ?"

"ಕಂಬಳೀಲಿ ಸುತ್ತಿ ಹೂಳಿ. ನನಗೇನು ಆಗ ಚಳಿ ಆಗುತ್ತಾ? ಚಳಿ ಆಗೋದು ನಿನಗೆ, ಈಗ."

ನಾನು ನಗುತ್ತಾ ಅಳುತ್ತಾ ಮನೆಗೆ ಬಂದೆ. ಶನಿವಾರ ಬಸ್ಸು ಬಂದು ಹೋಯಿತು. ಕೆಮ್ಮು ಇಳಿಯಲು ಇನ್ನೂ ಒಂದಷ್ಟು ದಿನ ಹಿಡಿಯಿತು, ಆದರೆ ಸೂಟ್‌ಕೇಸ್ ಮತ್ತೆ ಮಂಚದ ಕೆಳಗೆ ಸೇರಿತು. ಮುಂದಿನ ಸಲ ನೋಡಿದಾಗ ಅದರಲ್ಲಿ ಈರುಳ್ಳಿ ಇತ್ತು.

ಚಳಿಗಾಲದ ಕೊನೆಗೆ ಇಬ್ಬರೂ ಕಾಡಿಗೆ ಹೋದರು. ಎರಡು ಒಲೆಗೆ ಸಾಕಾಗುವಷ್ಟು ಬರ್ಚ್ ಕಡಿದ ಮೇಲೆ ವೈಕೆ ತಾನೇ ಸುತ್ತಾಡಿ ಒಂದು ನೆಟ್ಟನೆಯ ಪೈನ್ ಆರಿಸಿದಳಂತೆ. ಹಲಗೆ ಕೊಯ್ಸಿ ತಂದು, ಅಟ್ಟಕ್ಕೆ ಏರಿಸಿ, ಗಾಳಿ ಆಡಲು ನಡುನಡುವೆ ಕಡ್ಡಿ ಇಟ್ಟು ಒಟ್ಟುವಾಗ ನಾನೂ ಕೈ ಜೋಡಿಸಿದೆ.

"ಒಬ್ಬನಿಗೆ ಇಷ್ಟೊಂದಾ? ಇವನೇನು ರಾಕ್ಷಸನಾ?" ಎಂದೆ.

"ಇಬ್ಬರಿಗೆ," ಎಂದಳು ವೈಕೆ. ಆಮೇಲೆ ಗಂಡನ ಕಡೆ ತಿರುಗಿದಳು. "ಹಸಿ ಹಲಗೇಲಿ ನಾನು ಹೋಗಲ್ಲ. ನೀನೂ ಹೋಗೋ ಹಾಗಿಲ್ಲ. ಒಣಗೋವರೆಗೂ ಇಬ್ಬರೂ ಇರಬೇಕು, ತಿಳೀತಾ?"

ಅದಾಗಿ ಎಷ್ಟೋ ಚಳಿಗಾಲ ಕಳೆದವು. ಪ್ರತಿ ಶರತ್ಕಾಲ, ಕಿಟಕಿಗೆ ಕಾಗದ ಅಂಟಿಸಿದ ಮೇಲೆ, ವೈಕೆ ಗಂಡನನ್ನು ಅಟ್ಟ ಹತ್ತಿಸುತ್ತಾಳೆ. ಅವನು ಹಲಗೆಗೆ ಕಿವಿ ಕೊಟ್ಟು ಬೆರಳ ಗಿಣ್ಣಿನಿಂದ ತಟ್ಟಿ ನೋಡಿ ಇಳಿಯುತ್ತಾನೆ. ಹೋದ ಸಲ ಏಣಿಯ ಬುಡದಲ್ಲಿ ನಾನೂ ನಿಂತಿದ್ದೆ. ನನ್ನ ಕಿವಿ ಇನ್ನೂ ಚುರುಕಾಗಿದೆ. ಹಲಗೆ ಖಣ್ ಎಂದದ್ದು ಕೆಳಗಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

ವಾಲ್ದುರ್ ಒಂದೊಂದೇ ಮೆಟ್ಟಿಲು ಇಳಿದು ಬಂದ. ಈಗ ಅವನ ಮಂಡಿ ಸರಿಯಿಲ್ಲ. ಕೈಯ ಧೂಳು ಒರೆಸಿಕೊಂಡು, ನನ್ನ ಕಡೆ ನೋಡದೆ, ಹೆಂಡತಿಗೆ ಹೇಳಿದ:

"ಇನ್ನೂ ಹಸಿ."

"ಹಂಗಾದ್ರೆ ಬಾ, ಕಾಫಿ ಆರ್ತಿದೆ," ಎಂದಳು ವೈಕೆ.